ಕಾರಣ: ಲಾರಿ

"ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋನು ಭೂಮಿಗೆ ಜಾತಕ ಬರೀತಿದಾನೆ, ಬನ್ರಪ್ಪಾ ಎಲ್ಲರೂ ನೋಡಿ!"

ಭೂಕಂಪ ಮಾಪನ ಕೇಂದ್ರದ ಸಾಹೇಬರು ಅವನ ನೋಟ್ ಪುಸ್ತಕವನ್ನು ಎತ್ತಿ ಹಿಡಿದಾಗ ಕೋಣೆಯಲ್ಲಿದ್ದವರೆಲ್ಲ ಹಲ್ಲು ಕಿರಿದರು. ಸುರುಳಿ ನೆಲ ನೋಡುತ್ತ ನಿಂತ. ದಿನಾ ಬೆಳಿಗ್ಗೆ ಯಂತ್ರದ ಉರುಳೆಗೆ ಹೊಸ ಕಾಗದ ಸುತ್ತಿ, ಮುಳ್ಳಿಗೆ ಶಾಯಿ ಹಾಕುವುದು ಅವನ ಕೆಲಸ. ಹನ್ನೊಂದು ವರ್ಷ ಸುತ್ತಿ ಸುತ್ತಿ ಹೆಸರೇ ಸುರುಳಿ ಎಂದಾಗಿತ್ತು.

"ಜಾತಕ ಅಲ್ಲ ಸಾರ್. ಎಲ್ಲೋ ಸಮುದ್ರದಾಚೆ ದೊಡ್ಡ ಭೂಕಂಪ ಆಗಿ, ಅದರ ಅಲೆ ನಮ್ಮ ಕಾಗದದ ಮೇಲೆ ಹಾದುಹೋದ ಎರಡು ಮೂರು ದಿನಕ್ಕೆ ನಮ್ಮ ಗುಡ್ಡದ ಕೆಳಗೂ ಸಣ್ಣಗೆ ಅಲುಗಿದೆ. ಏಳು ಸಲದಲ್ಲಿ ಐದು ಸಲ. ಮುಂಬಾಗಿಲು ದಬಾರ್ ಅಂದ್ರೆ ಹಿಂದಿನ ಕೋಣೆಯ ಸಡಿಲ ಕಿಟಕಿ ಗದಗುಟ್ಟಲ್ವಾ, ಹಾಗೆ."

"ಉಳಿದೆರಡು ಸಲ ಕಿಟಕಿ ನಿದ್ದೆ ಹೋಗಿತ್ತೇನೋ?"

ಮತ್ತೆ ನಗು. ಸಾಹೇಬರು ರಿಜಿಸ್ಟರು ಬಿಚ್ಚಿ 'ಕಾರಣ' ಎಂಬ ಅಂಕಣದ ಮೇಲೆ ಬೆರಳಾಡಿಸಿದರು. ಅವನ ಐದೂ ದಿನಗಳ ಮುಂದೆ ಒಂದೇ ಪದ: ಲಾರಿ. ಕೇಂದ್ರದ ಪಕ್ಕದಲ್ಲೇ ರಸ್ತೆ. ಸಣ್ಣ ಗೀಚು ಯಾವುದು ಬಂದರೂ ಲಾರಿಯದೇ. ಬರೆದು ಬರೆದು ಬೇಸತ್ತು ಸಾಹೇಬರು ಅದಕ್ಕೊಂದು ರಬ್ಬರ್ ಮೊಹರನ್ನೇ ಮಾಡಿಸಿದ್ದರು.

"ಇದರಲ್ಲಿ ಎರಡು ಸಲ ಸೇತುವೆ ಮುರಿದು ರಸ್ತೆ ಮುಚ್ಚಿತ್ತು ಸಾರ್. ಯಾವ ಲಾರಿ?"

"ನಿಮ್ಮಪ್ಪನ ಲಾರಿ!"

ಸುರುಳಿ ಅದನ್ನೂ ನುಂಗಿಕೊಂಡ. ಅವನಿಗೆ ಬೇಕಿದ್ದುದು ಒಂದೇ. ಹಿಂದಿನ ದಿನ ಭೂಗೋಳದ ಆ ತುದಿಯಲ್ಲಿ ದೊಡ್ಡದೊಂದು ಆಗಿ, ಮುಳ್ಳು ಕಾಗದದ ಅಂಚಿನವರೆಗೆ ಕುಣಿದಿತ್ತು. ಕೇಂದ್ರದ ಹಿಂದಿನ ವಸತಿ ಸಾಲಿನ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು. ಕೊನೆಯ ಮನೆಯಲ್ಲಿ ಅವನ ಅಕ್ಕ.

"ಒಂದು ವಾರ ಆ ಸಾಲು ಖಾಲಿ ಮಾಡಿಸಿ ಸಾರ್. ಸುಳ್ಳಾದ್ರೆ ನನ್ನ ಚಪ್ಪಲೀಲೇ ನನಗೆ ಹೊಡೀರಿ."

"ಖಾಲಿ ಮಾಡಿಸೋಕೆ ಕಾರಣ ಬೇಕು ಕಣಯ್ಯಾ. ಕಿಟಕಿ ಗದಗುಟ್ಟಿತು ಅಂತ ಬರೀಲಾ?" ಎಂದು ಸಾಹೇಬರು ಅಂದು ಬೆಳಿಗ್ಗೆ ಬಂದಿದ್ದ ಸಣ್ಣ ಗೀಚಿಗೂ ಟಪ್ಪೆಂದು ಮೊಹರು ಒತ್ತಿದರು.

ಸಂಜೆ ಅಕ್ಕನ ಕಾಲು ಹಿಡಿಯುವುದೊಂದು ಬಾಕಿ. "ನಾಲ್ಕು ದಿನ ನನ್ನ ರೂಮಿಗೆ ಬಾರೇ."

"ಹೋಗೋ ಮಾರಾಯ. ಅಷ್ಟು ಓದಿದ ಸಾಹೇಬರೇ ಏನೂ ಆಗಲ್ಲ ಅಂದಮೇಲೆ ನಿನ್ನ ಮಾತು ಕಟ್ಟಿಕೊಂಡು ಗಂಟುಮೂಟೆ ಹೊತ್ತರೆ ಸಾಲಿನೋರು ನಗಲ್ವಾ? ನಿಮ್ಮ ಭಾವ ಒಪ್ತಾರಾ?"

ಮಾರನೆಯ ದಿನ ಮಧ್ಯಾಹ್ನ ಭೂಮಿ ಅಲುಗಿತು. ದೊಡ್ಡದೇನಲ್ಲ. ಸಾಹೇಬರ ಮೇಜಿನ ಲೋಟದ ನೀರು ಕೂಡ ಚೆಲ್ಲಲಿಲ್ಲ. ಬಿರುಕಿನ ಗೋಡೆಗೆ ಅಷ್ಟು ಸಾಕಿತ್ತು. ಗೋಡೆ ಎತ್ತಲು ಎಂಟು ಜನ ಬೇಕಾದರು. ಅಕ್ಕನನ್ನು ಎತ್ತಲು ಅವನೊಬ್ಬನೇ ಸಾಕಾದ.

ಅಕ್ಕ ತೀರಿಕೊಂಡ ಒಂಬತ್ತನೇ ದಿನ ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಸಾಹೇಬರು ಬಾಗಿಲವರೆಗೆ ಬಂದು ಸುರುಳಿಯ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆತಂದರು.

"ನಮ್ಮ ಕೇಂದ್ರಕ್ಕೆ ಮೊದಲೇ ಅನುಮಾನ ಇತ್ತು ಸಾರ್. ದೂರದ ದೊಡ್ಡ ಕಂಪನಕ್ಕೂ ನಮ್ಮ ಸಣ್ಣ ಕಂಪನಕ್ಕೂ ಇರೋ ನಂಟನ್ನ ನಾವು ಬರೆದಿಟ್ಟಿದ್ವಿ. ಇವರ ಕೈಯಲ್ಲೇ ಬರೆಸಿದೀನಿ." ಇವರು! "ಎಲ್ರೀ ನಿಮ್ಮ ಪುಸ್ತಕ? ನೀವೇ ಹೇಳಿ, ಅವತ್ತು ಮಧ್ಯಾಹ್ನದ್ದು ಏನು?"

ಮೇಜಿನ ಮೇಲೆ ಆ ದಿನದ ಕಾಗದ ಹರಡಿತ್ತು. ಇಲಿಬಾಲದಷ್ಟು ಗೀಚು. ಪಕ್ಕದ ರಿಜಿಸ್ಟರಿನಲ್ಲಿ ಆ ದಿನದ ಕಾರಣ ಇನ್ನೂ ಖಾಲಿ.

ಸುರುಳಿ ಸಾಹೇಬರ ಡ್ರಾಯರ್ ಎಳೆದ. ಮೊಹರು ತೆಗೆದು, ಬಾಯಿಂದ ಹಬೆ ಊದಿ, ಖಾಲಿ ಜಾಗದಲ್ಲಿ ನಿಧಾನವಾಗಿ ಒತ್ತಿದ. ಅದನ್ನು ಸಾಹೇಬರ ಅಂಗೈಯಲ್ಲಿಟ್ಟು ಬಾಗಿಲ ಕಡೆ ನಡೆದ.

"ರೀ, ಮುಖ್ಯ ಕಚೇರಿ ಸಾಹೇಬ್ರು ಕೇಳ್ತಿದಾರೆ, ಉತ್ತರ ಕೊಟ್ಟು ಹೋಗ್ರೀ..."

ಅವನು ಗೇಟು ದಾಟಿ ರಸ್ತೆಗಿಳಿದ. ಕಣ್ಣು ಹಾಯುವಷ್ಟು ದೂರ ಒಂದು ಲಾರಿಯೂ ಇರಲಿಲ್ಲ.