ಪ್ರಭುಲಿಂಗನ ರಬ್ಬರ್ ಮೀನು

ಸ್ಕೂಟರಿನ ಡಿಕ್ಕಿಯಲ್ಲಿ ರಾಜಶ್ರೀಗೆ ಸಿಕ್ಕಿದ್ದು ಒಂದು ಮೀನು. ರಬ್ಬರಿನದು. ಬೆರಳುದ್ದ, ಮೆತ್ತಗೆ, ಮುಟ್ಟಿದರೆ ಬಾಲ ಅಲ್ಲಾಡಿಸುವಂಥದ್ದು. ಆಟದ ಸಾಮಾನಲ್ಲ. ಅದನ್ನು ದಾರಕ್ಕೆ ಕಟ್ಟಿ ನೀರಿಗೆಸೆದರೆ ದೊಡ್ಡ ಮೀನು ಮೋಸ ಹೋಗುತ್ತದೆಂದು ಆಕೆಗೆ ಗೊತ್ತಿತ್ತು. ಯುಗಾದಿ ಹತ್ತಿರ ಬಂತೆಂದರೆ ನವನಗರದ ಅರ್ಧ ಗಂಡಸರು ಹಿನ್ನೀರಿನ ದಂಡೆಯಲ್ಲಿ ಇದೇ ಉದ್ಯೋಗದಲ್ಲಿರುತ್ತಾರೆ.

ಆದರೆ ಈ ಸ್ಕೂಟರು ಪ್ರಭುಲಿಂಗನದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಪೂಜೆಯಾಗದೆ ಚಹಾ ಮುಟ್ಟದ, ತತ್ತಿ ಮಾರುವ ಅಂಗಡಿಯ ಮುಂದೆ ಸಹ ನಿಲ್ಲದ ಪ್ರಭುಲಿಂಗನದು. ವಾಕಿಂಗ್ ಎಂದು ಬೆಳಿಗ್ಗೆ ಹೊರಡುವ ಗಂಡ ಸ್ಕೂಟರಿನಲ್ಲಿ ಏಕೆ ಹೋಗುತ್ತಾನೆಂದು ಆಕೆಗೆ ಈಗ ತಿಳಿಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮನೆಯಲ್ಲಿ ಯಾರಿಗೂ ಏನೂ ಬರುವುದು ನಿಂತು ಬಹಳ ವರ್ಷವಾಗಿತ್ತು.

ಹಳೇ ಊರಿನಲ್ಲಿದ್ದಾಗ ಆಕೆ ಒಂದು ಹೆಣ್ಣು ಕೂಸು ಹಡೆದಿದ್ದಳು. ಜ್ವರದಲ್ಲಿ ದವಾಖಾನೆಯ ಮಂಚಕ್ಕೆ ಬಿದ್ದವಳು ಕಣ್ಣು ತೆರೆಯುವಷ್ಟರಲ್ಲಿ ಕೂಸು ಹೋಗಿ ಎಲ್ಲ ಮುಗಿದಿತ್ತು. ಗಂಡ ಆ ಮಾತು ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಆಮೇಲೆ ಅಣೆಕಟ್ಟಿನ ನೀರಿನಲ್ಲಿ ಹಳೇ ಊರು ಮುಳುಗಡೆಯಾಯಿತು, ನವನಗರಕ್ಕೆ ಬಂದರು. ಉಪ್ಪು ಇದೆಯೇ, ಗ್ಯಾಸ್ ಬಂತೇ ಎಂಬಷ್ಟು ಮಾತಿನಲ್ಲೇ ಸಂಸಾರ ಸಾಗಿತು. ಮತ್ತೆ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೋ ಎಂದು ಅತ್ತೆ ಮಗನಿಗೆ ಗಂಟು ಬಿದ್ದಾಗ ಪ್ರಭುಲಿಂಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಹಿಡಿದ ಮೀನು ಎಲ್ಲಿಗಾದರೂ ಹೋಗಲೇಬೇಕಲ್ಲ. ರಾಜಶ್ರೀ ಪಕ್ಕದ ಮನೆಯ ಸುಲ್ತಾನಾಳನ್ನು ವಿಚಾರಿಸಿದಳು. ಆಕೆಯ ಗಂಡ ಮುರ್ತುಜಸಾಬನೂ ಅದೇ ದಂಡೆಗೆ ಹೋಗುವವನು. ಸುಲ್ತಾನಾ ಮೊದಲು ಹಿಂದೆ ಮುಂದೆ ನೋಡಿದಳು. ತನ್ನ ಮನೆಗಂತೂ ಪ್ರಭಣ್ಣ ಒಂದು ಮೀನೂ ಕೊಟ್ಟಿಲ್ಲ ಎಂದಳು.

ಹಾಗಾದರೆ ಯಾರ ಮನೆಗೆ? ಕೊಡುತ್ತಾನೋ, ಅಲ್ಲೇ ಕೂತು ಉಣ್ಣುತ್ತಾನೋ? ಹೂಂ ಅನ್ನದೆಯೂ ಗಂಡಸರು ಎರಡನೇ ಮನೆ ಮಾಡಬಲ್ಲರು. ರಾಜಶ್ರೀ ಹುನಗುಂದದ ಅಣ್ಣನಿಗೆ ಫೋನು ಮಾಡಿ ಬರುತ್ತೇನೆಂದಳು. ಎಷ್ಟು ದಿನಕ್ಕೆ ಎಂದು ಅಣ್ಣ ಕೇಳಿದ. ತಿರುಗಿ ಹೋಗಲಿಕ್ಕಲ್ಲ ಎಂದಳು. ಸೀರೆ ಮಡಚಿ ಚೀಲಕ್ಕೆ ತುಂಬುವಾಗ ಅಳು ಬಂದೀತೆಂದು ಕಾದಳು. ಅದೂ ಬರಲಿಲ್ಲ. ಒಮ್ಮೆ ಕಣ್ಣಾರೆ ಕಂಡು ಬಸ್ ಹತ್ತಿದರಾಯಿತು ಎಂದುಕೊಂಡಳು.

ಮರುದಿನ ಆಟೋ ಹಿಡಿದು ಗಂಡನ ಹಿಂದೆಯೇ ದಂಡೆಗೆ ಹೋದಳು. ನೀರು ಇಳಿದು, ಹಳೇ ಊರಿನ ಗೋಡೆಗಳು ಅಲ್ಲಲ್ಲಿ ತಲೆ ಎತ್ತಿದ್ದವು. ಮುರ್ತುಜಸಾಬ ಆಕೆಯನ್ನು ಕಂಡು ಗಾಬರಿಯಾದ. ಕೇಳಿದ್ದಕ್ಕೆ, ತನ್ನ ಹೊಟ್ಟೆಯುರಿಯನ್ನೂ ಸೇರಿಸಿ ಹೇಳಿದ. ಮೀನು ಕೂಡುವ ಜಾಗವನ್ನೇ ಪ್ರಭಣ್ಣ ವರ್ಷವರ್ಷ ಹಿಡಿಯುತ್ತಾನೆ. ಎಲ್ಲರಿಗಿಂತ ಮೊದಲು ಬರುತ್ತಾನೆ, ಎಲ್ಲರೂ ಹೋದ ಮೇಲೆ ಏಳುತ್ತಾನೆ. ಮಳೆಗಾಲದಲ್ಲಿ ನೀರು ತುಂಬಿದಾಗ ಇತ್ತ ಸುಳಿಯುವುದೇ ಇಲ್ಲ. ಈಗ ಅಲ್ಲಿ ಎದೆಮಟ್ಟದ ನೀರು. ಕೊಕ್ಕೆ ತಳದ ಮಣ್ಣು ಕೆರೆಯುವಷ್ಟು. ಮೀನು ಇರುವುದೂ ತಳದಲ್ಲೇ.

“ಖರೆ ಹೇಳ್ತೇನಿ ವೈನಿ, ಒಂದು ಮೀನೂ ಹಿಡಿದಿದ್ದು ನಾ ಕಂಡಿಲ್ಲ. ಹ್ವಾದ ವರ್ಷ ದುಂಡೇಶ ಅಲ್ಲಿ ಗಾಳ ಒಗದ್ರ ಅವನ ಅಂಗಿ ಹಿಡದು ಎಳದ್ರು. ಅಷ್ಟ್ ಮೆತ್ತನ ಮನಷ್ಯಾ.”

ಪ್ರಭುಲಿಂಗ ಕಲ್ಲಿನ ಮೇಲೆ ಕೂತು ರೀಲು ಸುತ್ತುತ್ತಿದ್ದ. ಹೆಂಡತಿಯನ್ನು ನೋಡಿದ. ಬೆಚ್ಚಲಿಲ್ಲ. ಮತ್ತೆ ಎಸೆದ, ಅದೇ ಜಾಗಕ್ಕೆ. ಸುತ್ತಮುತ್ತ ಬೇರೆ ಹೆಂಗಸಿರಲಿಲ್ಲ, ಮೀನಿನ ಬುಟ್ಟಿಯೂ ಇರಲಿಲ್ಲ. ರಾಜಶ್ರೀ ಗಾಳದ ಕೋಲನ್ನು ಅವನ ಕೈಯಿಂದ ಕಿತ್ತುಕೊಂಡು ದಾರವನ್ನು ಕೈಯಿಂದಲೇ ಎಳೆದಳು. ರಬ್ಬರ್ ಮೀನು ಕೆಸರು ಮೆತ್ತಿಕೊಂಡು ಬಂತು. ಹೊಟ್ಟೆ ಮುಟ್ಟಿ ನೋಡಿದಳು. ಎಲ್ಲೂ ಕೊಕ್ಕೆಯಿರಲಿಲ್ಲ.

“ಇದರಾಗ ಏನ್ ಹಿಡೀತೀರಿ?”

“ಏನೂ ಇಲ್ಲ.”

“ಮತ್ಯಾಕ ಬರ್ತೀರಿ?”

“ಒಬ್ಬರು ದಾರ ಬಿಟ್ಟ ಕಡೆ ಇನ್ನೊಬ್ಬರು ಬಿಡಂಗಿಲ್ಲ. ದಂಡಿ ಮ್ಯಾಲಿನ ರಿವಾಜು,” ಎಂದ ಪ್ರಭುಲಿಂಗ. “ಬ್ಯಾರೆಯವರ ಕೊಕ್ಕಿ ಅಲ್ಲಿ ಬೀಳಬಾರದು.”

ಬಸ್ಸಿಗೆ ಹೊತ್ತಾಗುತ್ತಿತ್ತು. ಅಲ್ಲಿ ಅಂಥದ್ದೇನಿದೆ ಎಂದು ರಾಜಶ್ರೀ ಕೇಳಿದಳು. ಆತ ಕೋಲನ್ನು ಮೆಲ್ಲಗೆ ಆಕೆಯ ಕೈಯಿಂದ ತೆಗೆದುಕೊಂಡ.

“ನಮ್ಮ ರುದ್ರಭೂಮಿ ಅಲ್ಲೇ ಇತ್ತು, ರಾಜಿ. ಕೂಸಿನ್ನ ಅಲ್ಲೇ ಮಣ್ಣಾಗ ಇಟ್ಟೇನಿ.”