ಕಲ್ಲವ್ವ ಹೊತ್ತ ಕಳವು

ಜೈಲಿನಿಂದ ಬಿಡುಗಡೆಯಾದವನಿಗೆ ಕೆಲಸ ಕೊಡುವವರು ಅವನ ಅಪರಾಧದ ನೆನಪನ್ನು ತಮ್ಮ ತಲೆಗೆ ಹಾಕಿಸಿಕೊಳ್ಳಬೇಕೆಂಬುದು ಕಾಯಿದೆ. ಅವನು ಎಲ್ಲ ಮರೆತು ಹೊಸಬನಾಗಿ ಬರುತ್ತಾನೆ. ಖಾನಾವಳಿಯ ಕಲ್ಲವ್ವ ಹಾಗೆಯೇ ಯಮನೂರನ ಕಳವುಗಳ ನೆನಪನ್ನೆಲ್ಲ ಹೊತ್ತುಕೊಂಡಿದ್ದಳು. ಆದರೂ ನಂಬಿಕೆಯಿಲ್ಲ. ಅವನು ರೊಟ್ಟಿ ಬಡಿಯುವಾಗಲೂ ಅವಳ ಒಂದು ಕಣ್ಣು ಅವನ ಕೈಮೇಲೆಯೇ.

ಇಂದು ಬೆಳಿಗ್ಗೆ ಖಾನಾವಳಿಯ ಬಾಗಿಲು ತೆಗೆಯಲು ಬಂದರೆ ಅವಳ ಸೆರಗಿನ ಗಂಟಿನಲ್ಲಿ ಕೀಲಿಕೈ ಇಲ್ಲ.

"ಎಲ್ಲಿಟ್ಟಿ ಹೇಳಲೇ!"

"ನಾ ಮುಟ್ಟಿಲ್ರೀ ಅಕ್ಕಾರ. ಬೇಕಾದ್ರ ಕಿಸೆ ನೋಡ್ರಿ."

ಕಿಸೆ ಬರಿದು. ಉಣ್ಣಲು ಬಂದವರು ಗೊಣಗತೊಡಗಿದರು. ಕಲ್ಲವ್ವ ಸಿಟ್ಟಿನಲ್ಲಿ ತುರುಬಿನ ಪಿನ್ನು ಕಿತ್ತು ಬೀಗಕ್ಕೆ ಚುಚ್ಚಿದಳು. ಬೆರಳುಗಳು ತಾವಾಗಿಯೇ ಎರಡು ಸಲ ತಿರುಗಿದವು. ಬೀಗ ಸದ್ದಿಲ್ಲದೆ ತೆರೆದುಕೊಂಡಿತು.

ಯಮನೂರ ಅವಳ ಕೈಯನ್ನೇ ದಿಟ್ಟಿಸಿದ. ಆಮೇಲೆ ಕಟ್ಟೆಯ ಮೇಲಿಟ್ಟಿದ್ದ ತನ್ನ ಚೀಲವನ್ನು ಮೆಲ್ಲಗೆ ಎದೆಗವುಚಿಕೊಂಡ.