ಏಡಿಯೂಟ

ಬೇಯಿಸಿದ ಏಡಿಗಳ ಬುಟ್ಟಿಯನ್ನು ನಾರ್ಸಿಸಾ ಮೇಜಿನ ನಡುವೆ ಇಟ್ಟಳು. ಚಿಲಿಯ ಮೀನು ಕಾರ್ಖಾನೆಯಿಂದ ಎರಡು ವರ್ಷದ ಮೇಲೆ ಗ್ವಾಯಾಕಿಲ್ ಪಟ್ಟಣದ ಮನೆಗೆ ಬಂದ ಗಂಡ ಸೆಗುಂಡೊ ಮಾತ್ರ ಎಡಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ಬಸ್ ನಿಲ್ದಾಣದಲ್ಲೂ ಅವಳನ್ನು ಒಂದೇ ಕೈಯಲ್ಲಿ ಅಪ್ಪಿಕೊಂಡಿದ್ದ.

"ಹಸಿವಿಲ್ಲ ಕಣೇ," ಎಂದ.

"ಫೋನಲ್ಲಿ ಏಡಿ ಏಡಿ ಅಂತ ದಿನಾ ಪ್ರಾಣ ತಿಂತಿದ್ದೆ. ಈಗ ಹಸಿವಿಲ್ವಾ?" ಬೆಳಗ್ಗೆಯಿಂದ ಹೊಲಿಗೆ ಯಂತ್ರ ತುಳಿದು ಅವಳ ಕಾಲುಗಳು ಸೋತುಹೋಗಿದ್ದವು, ಜಗಳವಾಡಲೂ ತ್ರಾಣವಿರಲಿಲ್ಲ. "ಅಲ್ಲಿ ಇನ್ನೊಬ್ಬಳು ಇದ್ರೆ ಈಗ್ಲೇ ಹೇಳ್ಬಿಡು ಮಾರಾಯ. ಅತ್ತು ಮಲಗ್ತೀನಿ."

ಸೆಗುಂಡೊ ಬಲಗೈಯಲ್ಲಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ ಎಡಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ.

"ಮೀನು ಕೊಯ್ಯೋ ಯಂತ್ರ," ಎಂದ. "ಕಾರ್ನಿವಲ್ ಹಬ್ಬದ ಹೊತ್ತಿಗೆ ಆಗಿದ್ದು. ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಅವತ್ತಿಂದ ವಿಡಿಯೊದಲ್ಲಿ ನನ್ನ ಮುಂದೆ ನಕ್ಕೊಂಡು..." ನಾರ್ಸಿಸಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

ಅವನು ಕೈಯನ್ನು ಮತ್ತೆ ಜೇಬಿನತ್ತ ಒಯ್ಯುವಷ್ಟರಲ್ಲಿ ಅವಳು ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಬುಟ್ಟಿಯಿಂದ ದೊಡ್ಡದೊಂದು ಏಡಿ ಆರಿಸಿ ಉಳಿದ ಮೂರು ಬೆರಳುಗಳ ನಡುವೆ ಇಟ್ಟಳು. ಚಿಪ್ಪು ಒಡೆಯುವ ಮರದ ಸುತ್ತಿಗೆಯನ್ನು ತಾನು ಎತ್ತಿಕೊಂಡಳು.

"ಗಟ್ಟಿಯಾಗಿ ಹಿಡ್ಕೋ," ಎಂದಳು, ಮೂಗು ಒರೆಸಿಕೊಳ್ಳುತ್ತ. "ಜಾರಿದ್ರೆ ಇನ್ನೊಂದು ಬೆರಳೂ ಹೋದೀತು."